ಸಪನಾಳ ಹುಳ, ತುಳಸವ್ವನ ಕೈ

ಹಿಟ್ಟಿನಲ್ಲಿ ಹುಳ ಬಿದ್ದರೆ ನಿಪ್ಪಾಣಿಯ ಹೆಂಗಸರು ಅದನ್ನು ಬಿಸಿಲಿಗೆ ಹಾಕುತ್ತಾರೆ, ಸಾಣಿಗೆ ಹಿಡಿಯುತ್ತಾರೆ, ಗಿರಣಿಯವನಿಗೆ ನಾಲ್ಕು ಮಾತು ಅನ್ನುತ್ತಾರೆ. ತುಳಸವ್ವನ ಮನೆಯಲ್ಲಿ ಮಾತ್ರ ಹುಳಗಳಿಗೆಂದೇ ಗಿರಣಿಯಿಂದ ಗೋದಿ ಬೂಸಾ ಬರುತ್ತಿತ್ತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಪಕ್ಕದ ಮನೆಯ ಮಲಕವ್ವ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಅವಳ ಲೆಕ್ಕದಲ್ಲಿ ಎಡವಟ್ಟನೆಂದರೆ ತುಳಸವ್ವನ ಮಗ ಸುಧೀರ.

ಸುಧೀರ ಬಸ್ ಕಂಡಕ್ಟರ್. ನಿಪ್ಪಾಣಿಯಿಂದ ಕೊಲ್ಲಾಪುರ, ಕೊಲ್ಲಾಪುರದಿಂದ ನಿಪ್ಪಾಣಿ, ಅದೇ ಅವನ ಪ್ರಪಂಚ. ಎರಡು ಸಾವಿರದ ಹದಿಮೂರರ ಬೇಸಿಗೆಯಲ್ಲಿ, ಆಗಾಗ ಅವನ ಬಸ್ಸಿಗೆ ಬರುತ್ತಿದ್ದ ಕಾಲೇಜು ಹುಡುಗನೊಬ್ಬ ಒಂದು ಗಾಜಿನ ಪೆಟ್ಟಿಗೆಯನ್ನು ಅವನ ತೊಡೆಯ ಮೇಲಿಟ್ಟು, ರಜೆ ಮುಗಿಸಿ ಬಂದು ಒಯ್ಯುತ್ತೇನೆ, ಅಲ್ಲಿಯವರೆಗೆ ನೋಡಿಕೊಳ್ಳಿ ಅಂದ. ಒಳಗೆ ಹಳದಿ ಮೈಯ, ಕರಿ ಚುಕ್ಕೆಯ, ದಪ್ಪ ಬಾಲದ ಒಂದು ವಿದೇಶಿ ಹಲ್ಲಿ. ರಜೆ ಮುಗಿಯಿತು, ಮಳೆಗಾಲವೂ ಮುಗಿಯಿತು. ಹುಡುಗ ಬರಲಿಲ್ಲ, ಅವನ ಫೋನೂ ಹತ್ತಲಿಲ್ಲ. ಇಲ್ಲ ಅನ್ನಲು ಬಾರದವರ ಮನೆಗೆ ಇಂಥವೇ ಬಂದು ಸೇರುತ್ತವೆ.

ಪೆಟ್ಟಿಗೆ ಮನೆಗೆ ಬಂದ ದಿನ ತುಳಸವ್ವ ಬೀಡಿ ಸುತ್ತುತ್ತ ಕೂತವಳು ತಲೆ ಎತ್ತಿ ನೋಡಿದಳು.

“ಗ್ವಾಡಿ ತುಂಬ ಹಲ್ಲಿ ಅದಾವಲೇ ಮಗನ. ಇದನ್ನ ತಿಕೀಟ ತಗದು ಕೊಲ್ಲಾಪುರದಿಂದ ಕರಕೊಂಡ್ ಬರಬೇಕಿತ್ತೇನು?”

“ತಿಕೀಟ ತಗದಿಲ್ಲಬೇ,” ಅಂದ ಸುಧೀರ.

ಹಲ್ಲಿಗೆ ಸೋನಿ ಎಂದು ಹೆಸರಾಯಿತು. ಮಿಸುಕಾಡುವುದನ್ನಲ್ಲದೆ ಬೇರೇನನ್ನೂ ಸೋನಿ ತಿನ್ನುತ್ತಿರಲಿಲ್ಲ. ಸುಧೀರ ಕೊಲ್ಲಾಪುರದ ಅಂಗಡಿಯಿಂದ ಒಂದು ಡಬ್ಬಿ ಹಿಟ್ಟಿನ ಹುಳ ತಂದುಕೊಟ್ಟು, ಇವನ್ನು ಮನೆಯಲ್ಲೇ ಬೆಳೆಸಬಹುದಂತೆ ಎಂದು ಹೇಳಿ ಡ್ಯೂಟಿಗೆ ಹೋದ. ಗಂಡ ತಂದ ಮೂಕಪ್ರಾಣಿ ಹೆಂಡತಿಯ ಪಾಲಿಗೆ ಬರುವುದು ಎಲ್ಲ ಊರಲ್ಲೂ ಇದ್ದದ್ದೇ. ಸಪನಾ ಮದುವೆಯಾಗಿ ಐನಾಪುರದಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊದಲ ವಾರ ಸೆರಗಿನಿಂದ ಮೂಗು ಮುಚ್ಚಿಕೊಂಡು ಹುಳ ಎತ್ತಿ ಹಾಕಿದಳು. ಎರಡನೆಯ ವಾರ ಮುಚ್ಚಿಕೊಳ್ಳುವುದನ್ನು ಬಿಟ್ಟಳು.

ಅಗಲವಾದ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ನಾಲ್ಕು ಬೆರಳು ಎತ್ತರ ಬೂಸಾ ಹರಡುತ್ತಿದ್ದಳು. ಹುಳಗಳಿಗೆ ನೀರಿಡುವಂತಿಲ್ಲ, ಇಟ್ಟರೆ ಬೂಸಾ ಬೂಷ್ಟು ಹಿಡಿಯುತ್ತದೆ. ಅದಕ್ಕೆ ತೇವಕ್ಕೆಂದು ಗಜ್ಜರಿ ಹೋಳುಗಳನ್ನು ಮೇಲಿಡುತ್ತಿದ್ದಳು. ಹಳದಿ ಹುಳ ತಿಂದು ತಿಂದು ಉಬ್ಬಿ, ಒಂದು ದಿನ ಬಿಳಿಚಿಕೊಂಡು ಮುದುಡಿ ಮಲಗುತ್ತಿತ್ತು. ಕೆಲವು ದಿನಗಳ ನಂತರ ಅದರೊಳಗಿಂದ ಗಟ್ಟಿ ಓಡಿನ ಕರಿಯ ಹುಳ ಎದ್ದು ಬರುತ್ತಿತ್ತು. ಕರಿಯವನ್ನು ಬೇರೆ ಬುಟ್ಟಿಗೆ ಹಾಕಿದರೆ ಅವು ಮೊಟ್ಟೆ ಇಡುತ್ತಿದ್ದವು. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಏನೂ ಇಲ್ಲವೆಂದುಕೊಂಡಿದ್ದ ಬೂಸಾ ಒಂದು ಬೆಳಗ್ಗೆ ತಾನಾಗಿ ಸಣ್ಣಗೆ ಅಲುಗತೊಡಗಿದಾಗ ಸಪನಾ ಅತ್ತೆಯನ್ನು ಕರೆದು ತೋರಿಸಿದಳು.

“ವಿಹಾರದಾಗ ದಿನಾ ಪಂಚಶೀಲ ಅಂತೇವಿ, ಪ್ರಾಣಿಹಿಂಸಾ ಮಾಡೂದಿಲ್ಲ ಅಂತ,” ಅಂದಳು ತುಳಸವ್ವ. “ಮನ್ಯಾಗ ನೋಡಿದ್ರ ಹುಳ ಹುಟ್ಟಿಸಿ ಹಲ್ಲೀಗಿ ಉಣ್ಣಸಾಕತ್ತೇವಿ. ಬುದ್ಧ ಏನಂತಾನೋ ಏನೋ.” ಹಾಗೆ ಅಂದಳೇ ಹೊರತು ಬುಟ್ಟಿಯ ಮುಂದಿನಿಂದ ಬೇಗ ಏಳಲಿಲ್ಲ.

ತುಳಸವ್ವ ಹುಟ್ಟಿದ್ದು ಹತ್ತಿರದ ಹಳ್ಳಿ ಭೋಜದಲ್ಲಿ. ಪರಕಾರ ಉಡುವ ಎಳೆಯ ವಯಸ್ಸಿಗೇ ಅವಳ ತೊಡೆಯ ಮೇಲೆ ಬೀಡಿಯ ಮೊರ ಬಂದಿತ್ತು. ಗಂಡ ಗುರಪ್ಪ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಚೀಲ ಹೊರುತ್ತಿದ್ದವನು, ಸುಧೀರ ಶಾಲೆಯಲ್ಲಿದ್ದಾಗಲೇ ಎದೆರೋಗದಿಂದ ತೀರಿಕೊಂಡ. ಅಲ್ಲಿಂದಾಚೆ ಮನೆಯ ಒಲೆ ಉರಿದದ್ದು, ಸುಧೀರ ಓದಿದ್ದು, ಅವನಿಗೆ ನೌಕರಿ ಸಿಕ್ಕಿದ್ದು, ಮನೆಗೆ ಸ್ಲ್ಯಾಬ್ ಬಿದ್ದದ್ದು ಎಲ್ಲ ಅವಳ ಹತ್ತು ಬೆರಳಿನಿಂದ. ಅವಳು ಕಟ್ಟಿದ ಬೀಡಿ ಕಟ್ಟನ್ನು ಕಾರ್ಖಾನೆಯವರು ಬಿಚ್ಚಿ ನೋಡುತ್ತಿರಲಿಲ್ಲ, ತುಳಸವ್ವನದೇ ಎಂದು ಹಾಗೆಯೇ ಇಟ್ಟುಕೊಳ್ಳುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಮಾತು ತನಗಾಗಿಯೇ ಹುಟ್ಟಿದ್ದೆಂದು ಅವಳು ನಂಬಿದ್ದಳು. ಮಗ ನೌಕರಿಗೆ ಸೇರಿದ ಮೇಲೆ ಬಿಡು ಅಂದರೂ ಬಿಡಲಿಲ್ಲ.

ಸಪನಾ ಬಸುರಿಯಾದಳು. ಕುಬಸಕ್ಕೆಂದು ತವರಿನವರು ಅವಳನ್ನು ಐನಾಪುರಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಗಂಡನಿಗೆ ಹತ್ತು ಸಲ ಹೇಳಿದಳು, ಗಜ್ಜರಿ ಬದಲಿಸಿರಿ, ಬುಟ್ಟಿ ಮುಚ್ಚಿರಿ ಎಂದು. ಹತ್ತು ಸಲವೂ ಅವನು ಹೂಂ ಅಂದ. ಅವಳು ಹೋದ ಎರಡನೆಯ ದಿನ ಗಜ್ಜರಿಯ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬುಟ್ಟಿ ಏರಿದವು. ಮಗ ಡ್ಯೂಟಿಯಲ್ಲಿದ್ದ. ಸೊಸೆ ಅಷ್ಟು ಅಕ್ಕರೆಯಿಂದ ಬೆಳೆಸಿದ್ದು ಇರುವೆಯ ಪಾಲಾಗುತ್ತದಲ್ಲ ಎಂದು ತುಳಸವ್ವ ಬೀಡಿ ಬಿಟ್ಟು ಎದ್ದಳು. ಜೋಳದ ಕಣಜಕ್ಕೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಮೊರದ ತಳದಲ್ಲಿದ್ದ ತಂಬಾಕಿನ ಪುಡಿಯನ್ನು ಹಿಡಿಯಷ್ಟು ತಂದು ಬುಟ್ಟಿಗಳ ಸುತ್ತ ಉದುರಿಸಿದಳು, ಇರಲಿ ಎಂದು ಬೂಸಾದ ಅಂಚಿಗೂ ಒಂದಿಷ್ಟು ಉದುರಿಸಿದಳು. ಇರುವೆ ಹೋದವು. ತುಳಸವ್ವ ನೆಮ್ಮದಿಯಿಂದ ಬೀಡಿಗೆ ಕೂತಳು.

ಸಪನಾ ಮರಳಿ ಬಂದು ಬುಟ್ಟಿಯ ಬಟ್ಟೆ ಸರಿಸಿದಾಗ ಹುಳಗಳು ಕರ್ರಗಾಗಿ ಮೆತ್ತಗೆ ಬಿದ್ದಿದ್ದವು. ಅವಳು ಒಂದು ಚಿಟಿಕೆ ಬೂಸಾ ಎತ್ತಿ ಮೂಸಿ ನೋಡಿದಳು.

“ಅತ್ತಿ, ಇದರಾಗ ಏನರ ಹಾಕಿದ್ರೇನ್ರಿ?”

“ಇರಿವಿ ಬಂದಿದ್ದುವು. ತಂಬಾಕ ಉದರಿಸೀನಿ. ಜ್ವಾಳಕ್ಕೂ ಅದನ್ನ ಹಾಕ್ತೇವಲ್ಲ.” ಹೇಳುತ್ತ ಹೇಳುತ್ತ ತುಳಸವ್ವನಿಗೇ ಅರ್ಥವಾಯಿತು. ಜೋಳಕ್ಕೆ ಹಾಕುವುದು ಹುಳ ಸಾಯಲಿ ಎಂದೇ.

ಸಪನಾ ಬೈಯಲಿಲ್ಲ. ಬೂಸಾವನ್ನು ದೂರ ಚೆಲ್ಲಿ ಬುಟ್ಟಿ ತಿಕ್ಕಿದಳು. ಒಳಕೋಣೆಯ ಸಣ್ಣ ಬುಟ್ಟಿಯಲ್ಲಿ ಕರಿಯ ಹುಳಗಳು ಉಳಿದಿದ್ದವು, ಅವುಗಳಿಂದ ಮತ್ತೆ ಶುರು ಮಾಡಿದಳು. ತಪ್ಪಿನ ಭಾರ ಇಳಿಸಿಕೊಳ್ಳಲೆಂದು ತುಳಸವ್ವ ಒಂದು ದಿನ ಬೀಡಿಯಿಂದ ಎದ್ದು ಬಂದು ತಾನೇ ಗಜ್ಜರಿ ಹೆಚ್ಚಿ ಹಾಕಿದಳು. ಮರುದಿನ ಆ ಬುಟ್ಟಿಯ ಮರಿಗಳೂ ಸತ್ತಿದ್ದವು. ಈ ಸಲ ಪುಡಿ ಉದುರಿಸಿರಲಿಲ್ಲ, ಕೈ ಮಾತ್ರ ತಾಗಿತ್ತು. ಸಪನಾ ಸತ್ತ ಹುಳಗಳನ್ನೂ ನೋಡಿದಳು, ಅತ್ತೆಯ ಬೆರಳನ್ನೂ ನೋಡಿದಳು. ತುಳಸವ್ವ ಆ ನೋಟವನ್ನು ಕಂಡಳು.

ಹೆರಿಗೆ ಐನಾಪುರದಲ್ಲಾಯಿತು, ಅಷ್ಟು ದಿನ ಹುಳದ ಬುಟ್ಟಿ ಸುಧೀರನ ಪಾಲಿಗೆ ಬಂತು. ನಾಲ್ಕು ತಿಂಗಳ ಕೂಸು ನೀಲಮಳನ್ನು ಎತ್ತಿಕೊಂಡು ಸಪನಾ ನಿಪ್ಪಾಣಿಗೆ ಬಂದಳು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಳ್ಳಬೇಕೆಂದು ತುಳಸವ್ವ ಆ ದಿನ ಮೊರ ಮುಟ್ಟದೆ ಕಾದಿದ್ದಳು. “ಈಗ ಮಲಗ್ಯಾಳ್ರಿ ಅತ್ತಿ,” ಅಂದಳು ಸಪನಾ. ಮರುದಿನ, “ಹಾಲು ಕುಡದಾಳ್ರಿ, ಎತ್ತಿದ್ರ ಕಕ್ಕತಾಳ್ರಿ.” ಅದರ ಮರುದಿನ ನೆಗಡಿ. ಮಲಕವ್ವ ಬಂದರೆ ಕೂಸು ಅವಳ ತೊಡೆಗೆ ಹೋಗುತ್ತಿತ್ತು, ಹಾಲಿನವಳು ಬಂದರೆ ಅವಳ ಹೆಗಲಿಗೆ. ಅಜ್ಜಿಯ ಕೈಗೆ ಮಾತ್ರ ಬರುತ್ತಿರಲಿಲ್ಲ. ಮಲಕವ್ವನಿಗೆ ಇಷ್ಟು ಸಾಕಾಗಿತ್ತು. “ಸೊಸಿ ಬಿಗಿ ಆದಾಳ ನೋಡ ತುಳಸಾ,” ಅಂದಳು.

ತುಳಸವ್ವ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ. ಅಂದೇ ಕೇಳಿದಳು.

“ನನ್ನ ಮಮ್ಮಗಳನ್ನ ನಾ ಮುಟ್ಟಬಾರದೇನು?”

ಸಪನಾ ಹೇಳಿದಳು, “ನಮ್ಮವ್ವ ದ್ರಾಕ್ಷಿ ತ್ವಾಟದಾಗ ಕೂಲಿಗಿ ಹೋಗ್ತಿದ್ಲರಿ. ಔಷಧ ಹೊಡದ ದಿನ ನಾವು ಓಡಿ ಹೋದ್ರ ಕೋಲು ತೋರಸ್ತಿದ್ಲು. ಜಳಕಾ ಮಾಡಿ ಸೀರಿ ಬದ್ಲಿಸೂತನಾ ನಮ್ಮನ್ನ ಮುಟ್ಟತಿರಲಿಲ್ಲ. ನಾವು ಅಳತಿದ್ವಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಅತ್ತಿ.”

“ಇದ ಕೈಲೆ ನಿನ್ನ ಗಂಡನ್ನ ಬೆಳಿಸೀನಿ.”

“ಹೌದ್ರಿ. ತವರಾಗೂ ನಾ ಅದನ್ನ ಹೇಳ್ತೇನಿ. ಆದರ ಹುಳ ಸತ್ತದ್ದೂ ಖರೇ ಐತಲ್ರಿ.”

ಸುಧೀರನಿಗಿಂತ ಮೊದಲು ತುಳಸವ್ವನಿಗೊಂದು ಹೆಣ್ಣು ಹುಟ್ಟಿತ್ತು. ಬೀಡಿ ಸುತ್ತುವಾಗ ಮೊರದ ಪಕ್ಕದಲ್ಲೇ ತೊಡೆಯ ಮೇಲೆ ಮಲಗುತ್ತಿತ್ತು, ಬೆರಳು ಚೀಪಿಸಿದರೆ ಸುಮ್ಮನಾಗುತ್ತಿತ್ತು. ತೆವಳುವ ಮೊದಲೇ ಹೋಯಿತು. ಯಾಕೆ ಹೋಯಿತೆಂದು ಆಗ ಯಾರೂ ಕೇಳಲಿಲ್ಲ, ಬಡವರ ಮನೆಯ ಕೂಸು ಹೋಗುವುದಕ್ಕೆ ಕಾರಣ ಬೇಕಿರಲಿಲ್ಲ. ತಂಬಾಕಿನ ಕೈಗೂ ಆ ಸಾವಿಗೂ ಸಂಬಂಧವಿತ್ತೋ ಇಲ್ಲವೋ, ಹೇಳಬಲ್ಲವರು ಈಗಲೂ ಯಾರೂ ಇಲ್ಲ. ತುಳಸವ್ವ ಮಾತ್ರ ಆ ದಿನ ಊಟ ಮಾಡುವಾಗ ತುತ್ತು ಕಲಸಿದ ಕೈಯನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಳು.

ಮರುದಿನ ಮೊರ, ಕತ್ತರಿ, ದಾರದ ಉಂಡೆ ಎಲ್ಲವನ್ನೂ ಒಯ್ದು ಮಲಕವ್ವನ ಕಟ್ಟೆಯ ಮೇಲಿಟ್ಟಳು. “ಇನ್ನ ನಾ ಬೀಡಿ ಸುತ್ತೂದಿಲ್ಲ, ಇವನ್ನ ನೀ ಇಟಗೊ,” ಅಂದಳು. ತುಳಸವ್ವ ಸೀರೆಗಳನ್ನು ಕುದಿಸಿ ಒಗೆದಳು, ಹಾಸಿಗೆ ಬಿಸಿಲಿಗೆ ಹಾಕಿದಳು, ಕೈಯನ್ನು ಬೂದಿಯಲ್ಲಿ, ಲಿಂಬೆಯಲ್ಲಿ, ಸಾಬೂನಿನಲ್ಲಿ ತಿಕ್ಕಿದಳು. ಕೆಸರಾದರೆ ಒಂದು ಚೆರಿಗೆ ನೀರಿಗೆ ಹೋಗುತ್ತದೆ. ತಂಬಾಕು ಉಗುರಿನ ಸಂದಿಯಲ್ಲಿ, ಬೆರಳಿನ ಬಿರುಕಿನಲ್ಲಿ ಕಂದಾಗಿ ಕೂತಿತ್ತು. ಕೆಲಸವಿಲ್ಲದ ಬೆರಳುಗಳು ಸೆರಗಿನ ಚುಂಗನ್ನೇ ಬೀಡಿಯಂತೆ ಸುತ್ತುತ್ತಿದ್ದವು. ಅವಳಿಗೆ ಆ ಕೆಲಸ ಇಷ್ಟವಿತ್ತು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಬಿಟ್ಟದ್ದಕ್ಕೆ ಒಳಗೊಳಗೇ ಅತ್ತಳು.

ಕೂಸನ್ನು ಕೊಡು ಎಂದು ಸೊಸೆಯನ್ನು ಇನ್ನೊಮ್ಮೆ ಕೇಳಲು ಮಾನ ಅಡ್ಡ ಬರುತ್ತಿತ್ತು. ಕೇಳದೆ ತಿಳಿಯುವ ದಾರಿಯನ್ನು ಅವಳೇ ಹುಡುಕಿಕೊಂಡಳು. ಸಪನಾ ನೀರಿಗೆ ಹೋದಾಗ ಬುಟ್ಟಿಯಿಂದ ನಾಲ್ಕಾರು ಹುಳ ತೆಗೆದು, ಅಂಗೈಯಲ್ಲಿ ಹರಿದಾಡಿಸಿ, ಒಂದು ಹಳೆಯ ಬಟ್ಟಲಿಗೆ ಬೂಸಾದ ಜೊತೆ ಹಾಕಿ ತಾನು ಮಲಗುವ ಹೊರಸಿನ ಕೆಳಗಿಟ್ಟಳು. ತಾನೇ ಹೆಚ್ಚಿದ ಗಜ್ಜರಿಯ ಹೋಳೊಂದನ್ನು ಮೇಲಿಟ್ಟಳು. ಅವು ಸತ್ತವು. ಎಸೆದು, ಕೆಲವು ದಿನ ಬಿಟ್ಟು, ಮತ್ತೆ ತಂದಳು. ಅವೂ ಸತ್ತವು, ಆದರೆ ತಡವಾಗಿ. ಆಮೇಲಿನವುಗಳಲ್ಲಿ ಅರ್ಧ ಉಳಿದವು.

ಒಂದು ಮಧ್ಯಾಹ್ನ ಕಸ ಹೊಡೆಯುತ್ತಿದ್ದ ಸಪನಾಳ ಕಸಬರಿಗೆ ಹೊರಸಿನ ಕೆಳಗಿನ ಬಟ್ಟಲಿಗೆ ತಾಗಿತು. ಅವಳು ಅದನ್ನು ಹೊರಗೆಳೆದಳು.

“ಇದೇನ್ರಿ ಅತ್ತಿ, ಹುಳ ಇಲ್ಲಿ ಯಾಕ ಇಟ್ಟೀರಿ?”

ತುಳಸವ್ವ ಕಳ್ಳತನದಲ್ಲಿ ಸಿಕ್ಕವಳಂತೆ ತಲೆ ತಗ್ಗಿಸಿದಳು. “ನನ್ನ ಕೈ ನೋಡಾಕತ್ತಿದ್ದೆ,” ಅಂದಳು. “ನಾನ ಮುಟ್ಟಿ ಬಿಟ್ಟವು ಅವು. ಹ್ವಾದ ವಾರದವು.”

ಸಪನಾ ಬೂಸಾವನ್ನು ಬೆರಳಿನಿಂದ ಸರಿಸಿದಳು. ಹುಳಗಳು ಬೆಳಕಿಗೆ ಬೆಚ್ಚಿ ಮತ್ತೆ ಒಳಗೆ ಹೊಕ್ಕವು, ಒಂದೂ ಸತ್ತಿರಲಿಲ್ಲ. ಒಂದು ಆಗಲೇ ಕರಿಯ ಹುಳವಾಗಲು ಬಿಳಿಚಿಕೊಂಡು ಮುದುಡಿ ಮಲಗಿತ್ತು. ಅವಳು ಬಟ್ಟಲನ್ನು ನೆಲಕ್ಕಿಟ್ಟಳು. ಆಮೇಲೆ ಎದ್ದು ಹೋಗಿ, ಎಚ್ಚರವಾಗಿ ಕಾಲು ಬಡಿಯುತ್ತಿದ್ದ ನೀಲಮಳನ್ನು ತೊಟ್ಟಿಲಿನಿಂದ ಎತ್ತಿ ತಂದು ಅತ್ತೆಯ ತೊಡೆಯ ಮೇಲಿಟ್ಟಳು.

ತುಳಸವ್ವ ಮುಟ್ಟಲಿಲ್ಲ. ಮೊಣಕೈಗಳಿಂದಲೇ ಕೂಸಿಗೆ ಆಸರೆ ಕೊಟ್ಟು ಅಂಗೈಗಳನ್ನು ಗಾಳಿಯಲ್ಲಿ ಹಿಡಿದು ಕೂತಳು. ಆದರೆ ಕೂಸಿಗೆ ಇದೆಲ್ಲ ಎಲ್ಲಿ ಗೊತ್ತು. ಅದು ಕೈ ಚಾಚಿ ಅಜ್ಜಿಯ ತೋರುಬೆರಳನ್ನು ಹಿಡಿದುಕೊಂಡು ನೇರವಾಗಿ ಬಾಯಿಗೆ ಹಾಕಿಕೊಂಡಿತು.

ಬಿಡಿಸಬೇಕೆಂದು ಸಪನಾಳ ಕೈ ಅರ್ಧದವರೆಗೆ ಬಂತು, ಅಲ್ಲೇ ನಿಂತಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು ಕಸಬರಿಗೆ ಎತ್ತಿಕೊಂಡಳು, ಉಳಿದ ಅರ್ಧ ಕೋಣೆಯ ಕಸ ಹೊಡೆದಳು.