ವಾಸನೆ ಹೊರಗೆ, ನೀವು ಒಳಗೆ

ಸೋಮವಾರ, ಬೆಳಿಗ್ಗೆ ಒಂಬತ್ತು. ಚಿಕ್ಕಮಗಳೂರಿನ ನಮ್ಮ ಸಂತಾನ ಚಿಕಿತ್ಸಾಲಯದಲ್ಲಿ ವೈದ್ಯೆ, ಹಿರಿಯ ನರ್ಸ್ ಆಗಿದ್ದ ನಾನು, ಬಾಳೂರಿನ ಕಾಫಿ ಪ್ಲಾಂಟರ್ ದಂಪತಿ ಮತ್ತು ಭ್ರೂಣಗಳನ್ನು ಬೆಳೆಸುವ ಲ್ಯಾಬಿನಾಕೆ ಇದ್ದೆವು.

ಸೆಂಟು, ಮಲ್ಲಿಗೆ ಯಾವುದರ ಗಾಳಿಯೂ ಭ್ರೂಣಕ್ಕೆ ಆಗದೆಂದು ಆಕೆ ಬಾಗಿಲಲ್ಲೇ ಎಲ್ಲರನ್ನೂ ಮೂಸುತ್ತಿದ್ದರು. "ವಾಸನೆ ಹೊರಗೆ, ನೀವು ಒಳಗೆ" ಎಂಬುದು ನಿತ್ಯದ ಮಾತು. ಅಂದು ಪ್ಲಾಂಟರು ಆಕೆಗೆಂದೇ ಆಗಷ್ಟೇ ಹುರಿದ ಕಾಫಿಪುಡಿ ತಂದಿದ್ದರು.

"ಜೀಪಲ್ಲಿಟ್ಟು, ಅಂಗಿ ಬದಲಾಯಿಸ್ಕೊಂಡು ಬನ್ನಿ ಮಾರಾಯ್ರೆ. ನಿಮ್ಮದು ಉಳಿದಿರೋದು ಒಂದೇ ಭ್ರೂಣ," ಎಂದರು ಲ್ಯಾಬಿನಾಕೆ.

ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಎಸ್ಟೇಟ್ ಮಾಲೀಕರು ಮೇಸ್ತ್ರಿಯ ಮುಂದಿನ ಆಳಿನಂತೆ ನಿಂತರು. ವೈದ್ಯೆ ತೆಳುವಾದ ಕೊಳವೆಯಿಂದ ಭ್ರೂಣವನ್ನು ಅವರ ಪತ್ನಿಯ ಗರ್ಭಕೋಶಕ್ಕೆ ಬಿಟ್ಟರು. ಭ್ರೂಣ ಕೊಳವೆಯಲ್ಲೇ ಉಳಿದಿದೆಯೇ ಎಂದು ಲ್ಯಾಬಿನಾಕೆ ಅದನ್ನು ಸೂಕ್ಷ್ಮದರ್ಶಕದಡಿ ಹಿಡಿದರು.

"ಅಂಟ್ಕೊಂಡು ವಾಪಸ್ ಬಂತಾ?" ಪ್ಲಾಂಟರ ದನಿ ಸಣ್ಣದಾಗಿತ್ತು.

ನಿಯಮದಂತೆ ಒಮ್ಮೆ ನೋಡಿದರೆ ಸಾಕು. ಆಕೆ ಮೂರು ಸಲ ನೋಡಿದರು.

"ಖಾಲಿ. ಒಳಗೇ ಹೋಗಿದೆ."

ನಾನು ಸಮಯ ಬರೆದು ಫೈಲು ಮುಚ್ಚಿದೆ.