ನಾನು ಕೂರಿಸಿದ ಎರಡು ಬಾಗಿಲು

ಕಬ್ಬಿಣದ ಚಿಲಕ ಅಂಗಡಿಗೆ ಬರುವಾಗ ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿಕೊಂಡು ಬರುತ್ತೆ. ಆ ಕಾಗದ ಬಿಚ್ಚಿದರೆ ಒಂದು ವಾಸನೆ ಮೂಗಿಗೆ ಬಡಿಯುತ್ತೆ. ಹೋದ ವಾರ ಚಳ್ಳಕೆರೆಯ ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಆ ವಾಸನೆ ಬಂದಾಗ ನನಗೆ ಬಂದದ್ದು ಸಿಟ್ಟು.

ಹಳೇ ಮನೆ ರಿಪೇರಿ ಮಾಡಿಸುತ್ತಿದ್ದೇವೆ. ಮಾಡಿಸುತ್ತಿದ್ದೇವೆ ಅನ್ನುವುದೇ ತಪ್ಪು, ಅಡುಗೆಮನೆ ಕಪಾಟು ಪೂರಾ ನನ್ನ ಕೈಯದೇ ಕೆಲಸ. ನಲವತ್ತೈದು ವರ್ಷದಿಂದ ಮರಗೆಲಸ ಮಾಡೋನು, ನನ್ನ ಮನೆ ಕಪಾಟು ಬೇರೆಯವನ ಕೈಗೆ ಕೊಡ್ತೀನಾ? ಹಿಡಿಕೆ, ಬೀಗ ಮಾತ್ರ ಅಂಗಡಿಯದು. ಅದನ್ನು ಆರಿಸೋಕೆ ಅಂತ ಮಗಳು ಚಿತ್ರದುರ್ಗದಿಂದ ರಜೆ ಹಾಕಿ ಬಂದಿದ್ದಳು. ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಅವಳು.

ಅಂಗಡಿಯ ಒಂದು ಗೋಡೆ ತುಂಬ ಹಿಡಿಕೆಗಳೇ. ಕಪ್ಪು, ತಾಮ್ರದ ಬಣ್ಣ, ಬಂಗಾರದ ಬಣ್ಣ, ಹಗ್ಗದಂಗೆ ಹೊಸೆದದ್ದು, ಎಲೆಯಂಗೆ ಬಗ್ಗಿಸಿದ್ದು. ತೋರಿಸುತ್ತಿದ್ದ ಹುಡುಗ ಮಗಳ ಜೊತೆಗೇ ಮಾತಾಡಿದ. ನನಗೆ ಕುರ್ಚಿ ಹಾಕಿಸಿ, "ಅಂಕಲ್, ನೀವು ಆರಾಮಾಗಿ ಕೂತ್ಕಳಿ" ಅಂದ. ಒಂದು ಹಿಡಿಕೆ ಕೈಗೆ ತಗೊಂಡು ನೋಡಿದೆ. ಒಳಗೆ ಪೊಳ್ಳು. ಬಿಸ್ಕತ್ತಿನಷ್ಟೂ ತೂಕ ಇಲ್ಲ. ಆಮೇಲೆ ಮುಂಬಾಗಿಲಿಗೆ ಬೆರಳಿಟ್ಟರೆ ತೆರೆಯುವ ಬೀಗ ತೋರಿಸಿದ.

"ಮರ ಕೀಸಿ ಕೀಸಿ ನನ್ನ ಬೆರಳಿನ ಗೆರೆ ಸವೆದೋಗೈತೆ. ತೆಗಿಯುತ್ತೇನಪ್ಪಾ ನಿನ್ನ ಬೀಗ?" ಅಂದೆ.

"ಅಂಕಲ್ ಹಂಗಾದ್ರೆ ನೀವು ಹೊರಗೇ!" ಅಂತ ನಕ್ಕ. ಮಗಳೂ ನಕ್ಕಳು. ನಾನೂ ನಗುತ್ತಿದ್ದೆನೋ ಏನೋ... ಅಷ್ಟರಲ್ಲಿ ಕೆಳಗಿನ ತಟ್ಟೆಯಲ್ಲಿ, ಯಾರೂ ನೋಡದ ಜಾಗದಲ್ಲಿ, ಆರಿಂಚಿನ ಕಬ್ಬಿಣದ ಚಿಲಕಗಳು ಕಂಡವು. ಒಂದರ ಕಾಗದ ಬಿಚ್ಚಿದೆ.

ಅಲಂಕಾರಕ್ಕೆ ಒಂದು ಗೋಡೆ ತುಂಬ ಹಿಡಿಕೆ! ಇಂಥ ಎರಡು ಚಿಲಕಕ್ಕಾಗಿ ಒಬ್ಬ ಹೆಣ್ಣುಮಗಳನ್ನು ನಮ್ಮೂರಿನವರು ಹೆಂಗೆ ಅರೆದರು ಅಂತ ಆ ಹುಡುಗನಿಗೇನು ಗೊತ್ತು?

ಆಕೆ ನಮ್ಮೂರ ಶಾಲೆಯ ಮೇಡಂ. ನಮ್ಮದು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿ. ಇಪ್ಪತ್ತು ವರ್ಷದ ಮೇಲಿನ ಮಾತಿದು. ದಿನಾ ಚಳ್ಳಕೆರೆ ಬಸ್ಸಿಗೆ ಬಂದು, ಕ್ರಾಸಿನಲ್ಲಿ ಇಳಿದು, ಆ ಬಿಸಿಲಲ್ಲಿ ಕಪ್ಪು ಕೊಡೆ ಹಿಡಿದು ನಡಕೊಂಡು ಬರುತ್ತಿದ್ದರು. ಸಣ್ಣ ಆಳು, ಗಟ್ಟಿ ದನಿ. ಆಗ ನನ್ನ ಮಗಳು ಏಳನೇ ಕ್ಲಾಸು.

ಆ ವರ್ಷ ಮಗಳು ಇದ್ದಕ್ಕಿದ್ದಂತೆ ಶಾಲೆ ಬಿಟ್ಟಳು. ಹೊಟ್ಟೆನೋವು ಅಂದಳು, ತಲೆನೋವು ಅಂದಳು. ನಾಲ್ಕು ದಿನ ನೋಡಿ ನಾನು ರೇಗಿದೆ. "ನಾನು ನಾಕನೇ ಕ್ಲಾಸಿಗೇ ಬಿಟ್ಟು ಮರ ಹಿಡಿದೋನು. ನೀನೇನು ಕುರಿ ಹಿಡೀತೀಯಾ?" ಅಂತ ಕೈಯನ್ನೂ ಎತ್ತಿದೆ. ಅವಳು ಬಾಯಿ ಬಿಡಲಿಲ್ಲ. ಅವರವ್ವನ ಹತ್ತಿರವೂ ಬಿಡಲಿಲ್ಲ.

ಐದನೇ ದಿನ ಸಂಜೆ, ಬಸ್ಸು ತಪ್ಪಿಸಿಕೊಂಡು ಮೇಡಂ ನಮ್ಮ ಮನೆಗೆ ಬಂದರು. ಹೆಂಡತಿ ಮಜ್ಜಿಗೆ ಕೊಟ್ಟಳು. ಕುಡಿಯದೆ ಲೋಟ ಹಿಡಿದುಕೊಂಡೇ ಹೇಳಿದರು:

"ಹೆಣ್ಣುಮಕ್ಕಳು ಬೆಳಗ್ಗೆಯಿಂದ ಸಂಜೆ ತನಕ ನೀರು ಕುಡಿಯಲ್ಲ ಮೇಸ್ತ್ರಿ. ಪಾಯಿಖಾನೆಗೆ ಹೋಗೋಕೆ ಹೆದರ್ತಾವೆ."

"ಹೊಸ ಬಾಗಿಲು ಐತಲ್ಲ ಮೇಡಂ?"

"ಬಾಗಿಲಿದೆ. ಒಳಗೆ ಚಿಲಕ ಇಲ್ಲ. ದೊಡ್ಡ ಹುಡುಗರು ಬಾಗಿಲು ಒದ್ದು ಓಡಿಹೋಗ್ತಾರೆ. ಹೋದ ವಾರ ಒಳಗೆ ನಿಮ್ಮ ಮಗಳಿದ್ದಳು."

ಮಗಳು ಒಳಕೋಣೆಗೆ ಹೋದಳು. ಮೇಡಂ ದನಿ ಏರಿತು. "ನಾನಿದ್ದಾಗ ಕೊಡೆ ಅಡ್ಡ ಹಿಡಿದು ಕಾಯ್ತೀನಿ. ಒಳಗಿಂದ ಮಕ್ಕಳು 'ಮೇಡಂ ಇದೀರಾ?' ಅಂತ ಕೂಗ್ತಾನೇ ಇರ್ತಾವೆ. ಆ ಬಾಗಿಲು ಕೂರಿಸಿದ ಪುಣ್ಯಾತ್ಮ ಯಾರೋ, ಅವನ ಮನೇಲಿ ಹೆಣ್ಣುಮಕ್ಕಳೇ ಇರಲಿಲ್ವೇನೋ!"

ನಾನು ನೆಲ ನೋಡಿದೆ. ನನ್ನ ಹೆಂಡತಿ ಸುಮ್ಮನಿರುವವಳಲ್ಲ. "ಇವ್ರೇ ಮೇಡಂ ಕೂರಿಸಿದ್ದು. ನಾನೇ ಬುತ್ತಿ ಕಟ್ಟಿ ಕಳಿಸಿದ್ದೆ" ಅಂದುಬಿಟ್ಟಳು.

ಹೌದು, ನಾನೇ. ಶಾಲೆ ಸಮಿತಿಯ ಅಧ್ಯಕ್ಷನೇ ಆ ಕೆಲಸ ಹಿಡಿದಿದ್ದ. ಚೌಕಟ್ಟು, ಬಾಗಿಲು, ಕೀಲು ಕೊಟ್ಟ, ಚಿಲಕ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಇನ್ನೊಬ್ಬರ ಮನೆಯ ಕಪಾಟಿಗೆ ಒಂದು ಸ್ಕ್ರೂ ಕಡಿಮೆಯಾದರೆ ಜಗಳ ತೆಗೆಯುವ ನಾನು, ಹೆಣ್ಣುಮಕ್ಕಳ ಪಾಯಿಖಾನೆಗೆ ಚಿಲಕ ಎಲ್ಲಿ ಅಂತ ಒಂದು ಮಾತು ಕೇಳದೆ ಹತಾರ ಎತ್ತಿಕೊಂಡು ಬಂದಿದ್ದೆ.

ಮೇಡಂ ನನ್ನ ಮುಖ ನೋಡಿ, ತಡೆದು, ಆಮೇಲೆ ನಕ್ಕುಬಿಟ್ಟರು. "ಒಳ್ಳೇದೇ ಆಯ್ತು. ಅಳತೆ ನಿಮಗೇ ಗೊತ್ತಿರುತ್ತೆ. ಚಿಲಕ ನಾನು ತರ್ತೀನಿ, ಬಂದು ಹಾಕ್ಕೊಡಿ."

"ಭಾನುವಾರ ಬರ್ತೀನಿ ಮೇಡಂ, ಯಾರೂ ಇರಲ್ಲ."

"ಬೇಡ. ಸೋಮವಾರ ಬನ್ನಿ, ಎಲ್ಲರೂ ಇರುವಾಗ. ಇದೇನು ಕದ್ದು ಮಾಡೋ ಕೆಲಸವಾ?"

ಸೋಮವಾರ ಊಟದ ಡಬ್ಬಿಯ ಚೀಲದಿಂದ ಎರಡು ಚಿಲಕ ತೆಗೆದುಕೊಟ್ಟರು, ಇದೇ ಎಣ್ಣೆ ಕಾಗದ ಸುತ್ತಿದ್ದು. ಎಷ್ಟು ಎತ್ತರಕ್ಕೆ ಹಾಕಲಿ ಅಂದೆ. ಒಂದನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗಿಯನ್ನು ಕರೆದು, ಬಾಗಿಲ ಮುಂದೆ ನಿಲ್ಲಿಸಿ, ಕೈ ಎತ್ತಿಸಿ, ಅವಳ ಬೆರಳು ಮುಟ್ಟಿದಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅಲ್ಲಿಗೇ ಬೈರಿಗೆ ಹಾಕಿ ತೂತು ಕೊರೆದೆ. ಹೆಡ್‌ಮಾಸ್ತರು ದೂರದಲ್ಲಿ ನಿಂತು, "ಅಧ್ಯಕ್ಷರನ್ನ ಒಂದು ಮಾತು ಕೇಳಬೇಕಿತ್ತು" ಅನ್ನುತ್ತಲೇ ಇದ್ದರು.

"ಮೂರು ಸಲ ಕೇಳಿದೀನಿ ಸಾರ್. ಚಿಲಕ ಇದ್ರೆ ಹುಡುಗೀರು ಒಳಗೆ ಕೂತು ಹರಟೆ ಹೊಡೀತಾರಂತೆ. ಆ ವಾಸನೆಯಲ್ಲಿ ಹರಟೆ ಹೊಡೆಯೋಕೆ ಅಧ್ಯಕ್ಷರು ಒಂದು ದಿನ ಕೂತು ತೋರಿಸಲಿ" ಅಂದರು ಮೇಡಂ.

ಈ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಜನ ನಕ್ಕರು. ಮರುದಿನವೇ ನನ್ನ ಮಗಳು ಶಾಲೆಗೆ ಹೋದಳು. ಅಷ್ಟಕ್ಕೇ ಮುಗಿದಿದ್ದರೆ...

ಹದಿನೈದು ದಿನ ಕಳೆದ ಮೇಲೆ ಅಧ್ಯಕ್ಷನಿಂದ ಕರೆ ಬಂತು. ಅವನ ಮನೆಯ ಜಗಲಿಯ ಮೇಲೆ ಊರಿನ ಐದಾರು ಜನ ಕೂತಿದ್ದರು. "ಏಮಯ್ಯಾ ಮೇಸ್ತ್ರಿ, ಬಾ ಬಾ" ಅಂತ ಪಕ್ಕದಲ್ಲೇ ಕೂರಿಸಿಕೊಂಡ. ಕಾಫಿ ಕೊಡಿಸಿದ. ಆಮೇಲೆ ಟೈಪು ಮಾಡಿಸಿದ ಒಂದು ಕಾಗದ ಮುಂದಿಟ್ಟ.

"ಚಿಲಕ ಹಾಕಿದ್ದು ನೀನೇ ತಾನೆ?"

"ನಾನೇ."

"ಅದನ್ನೇ ಬರ್ದೈತೆ. ಆಫೀಸಿಗೆ ಕಳಿಸಬೇಕಂತೆ. ಓದ್ಕೊಂಡು ರುಜು ಹಾಕು. ಓದೋಕೆ ಬರುತ್ತಲ್ಲ?"

ಆ ಕೊನೇ ಮಾತು ಬೇಕಂತಲೇ ಹೇಳಿದ್ದ, ಕಳ್ಳ ನನ್ಮಗ. ಜಗಲಿ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಓದೋಕೆ ಬರುತ್ತೆ ನನಗೆ. ಆದರೆ ಆಗ ಅಕ್ಷರ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸಿ ಓದಬೇಕಿತ್ತು. ಸರ್ಕಾರಿ ಭಾಷೆ, ಒತ್ತಾದ ಸಾಲು. ಆ ಜನರ ಮುಂದೆ ಚಿಕ್ಕ ಮಕ್ಕಳಂಗೆ ತುಟಿ ಅಲ್ಲಾಡಿಸಲಾ? ಓದಿದವರು ಒಂದು ಹಾಳೆಯನ್ನು ಎಷ್ಟು ಹೊತ್ತು ನೋಡುತ್ತಾರೋ ಅಷ್ಟು ಹೊತ್ತು ನೋಡಿದೆ. ತಲೆ ಆಡಿಸಿದೆ. ರುಜು ಹಾಕಿದೆ. ಹೆಬ್ಬೆಟ್ಟಲ್ಲ, ಪೂರ್ತಿ ಹೆಸರಿನ ರುಜು. ಅದರ ಮೇಲೆ ನನಗೆ ಬಲು ಹೆಮ್ಮೆ.

ಇನ್ನೊಂದು ವಾರಕ್ಕೆ ಮೇಡಂ ಮತ್ತೆ ನಮ್ಮ ಮನೆ ಬಾಗಿಲಿಗೆ ಬಂದರು. ಈ ಸಲ ಒಳಗೆ ಬರಲಿಲ್ಲ. ಆಫೀಸಿನಿಂದ ಅವರಿಗೆ ಬಂದಿದ್ದ ಆ ಕಾಗದದ ನಕಲನ್ನು ನನ್ನ ಮಗಳ ಕೈಗೆ ಕೊಟ್ಟು, "ಓದಮ್ಮ" ಅಂದರು.

ಮಗಳು ಗಟ್ಟಿಯಾಗಿ, ತಡೆಯಿಲ್ಲದೆ ಓದಿದಳು, ಮೇಡಂ ಕಲಿಸಿದ ಹಾಗೆ. ಸದರಿ ಶಿಕ್ಷಕಿಯು ಅನುಮತಿಯಿಲ್ಲದೆ ಶಾಲೆಯ ಹೊಸ ಬಾಗಿಲುಗಳನ್ನು ಕೊರೆಸಿ ಹಾಳು ಮಾಡಿರುತ್ತಾರೆ. ನಾನು ಒಪ್ಪದಿದ್ದಾಗ, ನನ್ನ ಮಗಳನ್ನು ಫೇಲು ಮಾಡುವುದಾಗಿ ಹೆದರಿಸಿ ನನ್ನಿಂದ ಈ ಕೆಲಸ ಮಾಡಿಸಿರುತ್ತಾರೆ... ಅಲ್ಲಿಗೆ ಮಗಳ ದನಿ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು.

"ಇದು ನಿಮ್ಮ ರುಜುನಾ?" ಮೇಡಂ ಕೇಳಿದರು.

"ಹೌದು."

"ಓದಿ ಹಾಕಿದ್ರಾ?"

ಇಲ್ಲ ಅಂದಿದ್ದರೆ ಸಾಕಿತ್ತು. ಓದಿರಲಿಲ್ಲ ಮೇಡಂ, ಮೋಸ ಹೋದೆ, ನಡೀರಿ, ಯಾವ ಆಫೀಸಿಗೆ ಬೇಕಾದರೂ ಬಂದು ಹೇಳ್ತೀನಿ ಅಂದಿದ್ದರೆ ಆಕೆ ಅವತ್ತೇ ನನ್ನನ್ನು ಕರಕೊಂಡು ಹೋಗುತ್ತಿದ್ದರು. ಅದನ್ನು ಕೇಳೋಕೇ ಬಂದಿದ್ದರು. ಆದರೆ ಎದುರಿಗೆ ಮಗಳು ನಿಂತಿದ್ದಳು, ಅಷ್ಟು ಚೆನ್ನಾಗಿ ಓದಿದ ಮಗಳು. ಅವಳ ಮುಂದೆ ನನಗೆ ಓದೋಕೆ ಬರಲಿಲ್ಲ ಅನ್ನಲಾ?

"ಓದಿದ್ದೆ" ಅಂದೆ.

ಮೇಡಂ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಮಗಳ ತಲೆ ಮೇಲೆ ಒಂದು ಸಲ ಕೈಯಿಟ್ಟು ಹೊರಟುಹೋದರು. ವರ್ಷ ಮುಗಿಯುವ ಮುಂಚೆಯೇ ಅಧ್ಯಕ್ಷನ ಕಡೆಯವರು ಅವರನ್ನು ದೂರದ ತಾಲ್ಲೂಕಿಗೆ ವರ್ಗ ಮಾಡಿಸಿ ಓಡಿಸಿದರು. ಯಾರೂ ತುಟಿ ಬಿಚ್ಚಲಿಲ್ಲ. ಚಿಲಕ ಹಾಕಿದ ಮೇಲೆ ನೆಮ್ಮದಿಯಾಗಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದ ತಾಯಿ ತಂದೆಯರಲ್ಲಿ ಒಬ್ಬರೂ ಬಿಚ್ಚಲಿಲ್ಲ. ಚಿಲಕ ಉಳಿಯಿತು, ಹಾಕಿಸಿದಾಕೆ ಹೋದರು. ಮುಂದಿನ ಆಗಸ್ಟ್ ಹದಿನೈದಕ್ಕೆ ಅದೇ ಅಧ್ಯಕ್ಷ ಭಾಷಣದಲ್ಲಿ, ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಎಲ್ಲ ಅನುಕೂಲ ಮಾಡಿದ್ದೇವೆ ಅಂತ ಎದೆ ತಟ್ಟಿಕೊಂಡ. ಜನ ಚಪ್ಪಾಳೆ ಹೊಡೆದರು. ಈಗಲೂ ನೆನೆಸಿಕೊಂಡರೆ ಆ ಚಪ್ಪಾಳೆಗೆ ಬೆಂಕಿ ಹಚ್ಚಬೇಕು ಅನ್ನಿಸುತ್ತೆ.

ಆಮೇಲೆ ನಾನು ಅವನ ಕೆಲಸ ಮುಟ್ಟಲಿಲ್ಲ. ಚಳ್ಳಕೆರೆಗೆ ಬಂದು ನೆಲೆಯಾದೆ. ಮಗಳ ಪುಸ್ತಕಗಳನ್ನೇ ಇಟ್ಟುಕೊಂಡು ಓದುವುದು ಸರಾಗ ಮಾಡಿಕೊಂಡೆ. ಈಗ ಪೇಪರು ಓದುತ್ತೇನೆ, ಇದನ್ನೂ ನಾನೇ ಬರೆಯುತ್ತಿದ್ದೇನೆ. ಏನು ಬಂತು?

ಒಂದೇ ಒಂದು ಸಲ ಮೇಡಂ ಸಿಕ್ಕಿದ್ದರು, ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಕೂದಲು ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದು, "ಮಗಳು ಓದ್ತಿದಾಳಾ ಮೇಸ್ತ್ರಿ?" ಅಂದರು. "ನರ್ಸಿಂಗ್ ಓದ್ತಿದಾಳೆ ಮೇಡಂ" ಅಂದೆ. "ಸಂತೋಷ" ಅಂದರು. ಅವತ್ತು ಓದಿರಲಿಲ್ಲ ಮೇಡಂ ಅಂತ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರ ಬಸ್ಸು ಬಂತು... ಮೂರು ವರ್ಷದ ಹಿಂದೆ ಮಗಳೇ ಫೋನ್ ಮಾಡಿ ಹೇಳಿದಳು, ಮೇಡಂ ಹೋಗಿಬಿಟ್ಟರಂತೆ ಅಂತ. ಫೋನಿನಲ್ಲಿ ಅವಳು ಅತ್ತಳು. ನಾನು ಯಾವ ಮುಖ ಇಟ್ಟುಕೊಂಡು ಅಳಲಿ?

ಅವತ್ತು ಅಂಗಡಿಯಲ್ಲಿ ಕೊನೆಗೆ ಮಗಳು ಒಂದು ಕಪ್ಪು ಹಿಡಿಕೆ ಒಪ್ಪಿದಳು. ಅಳತೆ, ಎಣಿಕೆ ಬರೆದ ಆರ್ಡರ್ ಚೀಟಿ ತಂದು ಹುಡುಗ ನನ್ನ ಮುಂದೆ ಹಿಡಿದ. ಕೆಳಗೆ ಸಣ್ಣ ಅಕ್ಷರದಲ್ಲಿ ಹತ್ತಾರು ಸಾಲು ಇತ್ತು.

"ಇಲ್ಲೊಂದು ಸೈನ್ ಅಂಕಲ್. ಅದೆಲ್ಲಾ ಮಾಮೂಲಿ, ಯಾರೂ ಓದಲ್ಲ."

ನಾನು ಕನ್ನಡಕ ಹಾಕಿಕೊಂಡು ಮೊದಲನೇ ಸಾಲಿನಿಂದ ಶುರು ಮಾಡಿದೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಹುಡುಗ ಪೆನ್ನು ಕುಟ್ಟಿದ. ನನ್ನ ತುಟಿ ಅಲ್ಲಾಡುತ್ತಿತ್ತೋ ಏನೋ, ಅಲ್ಲಾಡಲಿ.

"ಅಪ್ಪ ಓದ್ತಿದಾರೆ, ತಡೀರಿ" ಅಂದಳು ಮಗಳು.

ಅವತ್ತು ಅಪ್ಪ ಓದಿರಲಿಲ್ಲ ಅನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತೆ. ಗೊತ್ತಾಗಬೇಕಾದ ಇನ್ನೊಬ್ಬರು ಇಲ್ಲ. ಇದ್ದಿದ್ದರೆ ಎದುರು ನಿಂತು ಹೇಳುತ್ತಿದ್ದೆ ಅಂತ ಬರೆಯೋಕೆ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಎದುರು ನಿಂತಾಗ ಹೇಳಲಿಲ್ಲವಲ್ಲ, ಆ ಸಾಲು ಹೊಡೆದುಹಾಕಿದ್ದೇನೆ.