ಅಕ್ಕನಿಗೆ ಸಿನಿಮಾ ಹೇಳುವುದು

ಸಿನಿಮಾ ವಿಷಯದಲ್ಲಿ ನನ್ನ ಬಾಯಿ ಸುಮ್ಮನಿರುವುದಿಲ್ಲ. ಮರಳೂರಿನ ನನ್ನ ಸ್ಟೇಷನರಿ ಅಂಗಡಿಗೆ ಪೆನ್ನು ಕೊಳ್ಳಲು ಬಂದವರೂ ಒಂದು ತೀರ್ಪು ಕೇಳಿಸಿಕೊಂಡೇ ಹೋಗಬೇಕು. ಹೀರೊ ನಡೆದು ಬರುವುದಕ್ಕೇ ಐದು ನಿಮಿಷ ಹಿಡಿಯುವ ಸಿನಿಮಾ ಕಂಡರೆ ಮೈಯೆಲ್ಲ ಉರಿಯುತ್ತದೆ. ಅಯ್ಯೋ, ಆಟೊ ಹಿಡಿದಾದರೂ ಬಾರಪ್ಪ! ದೆವ್ವದ ಸಿನಿಮಾ ಇಷ್ಟ, ದೆವ್ವಕ್ಕೆ ಫ್ಲಾಶ್‌ಬ್ಯಾಕ್ ಶುರುವಾಗುವವರೆಗೆ ಮಾತ್ರ. ಅಳಿಸುವ ಸಿನಿಮಾ ಅಂದರೆ ಮಾರು ದೂರ ಓಡುತ್ತೇನೆ.

ಅವೆಲ್ಲ ಅಕ್ಕನ ಪಾಲಿನವು. ಚಿಕ್ಕವರಿದ್ದಾಗ ಕುಣಿಗಲ್ಲಿನ ಟೆಂಟಿನಲ್ಲಿ ನೆಲದ ಮೇಲೆ ಕೂತು ಅವಳು ಲಂಗದ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ಫೈಟು ಯಾವಾಗ ಬರುತ್ತೆ ಎಂದು ನಾನು ತಿವಿಯುತ್ತಿದ್ದೆ. ಮನೆಗೆ ಬರುವ ದಾರಿ ಪೂರ್ತಿ ಜಗಳ. ಅವಳೀಗ ಗುಬ್ಬಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿತು. ಲೇಸರ್ ಆಯಿತು, ಇಂಜೆಕ್ಷನ್ ಆಯಿತು, ಕೊನೆಗೆ ಡಾಕ್ಟರೂ ಕೈಚೆಲ್ಲಿದರು. ಆ ದಿನ ಜೊತೆಗಿದ್ದವನು ನಾನೇ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. "ಇನ್ಮೇಲೆ ಸಿನಿಮಾ ನೀನೇ ಹೇಳ್ಬೇಕು ಕಣೋ," ಎಂದಳು, ಅಷ್ಟೇ.

ಅಂದಿನಿಂದ ಭಾನುವಾರ ಅಂಗಡಿ ತೆರೆಯದೆ ಗುಬ್ಬಿ ಬಸ್ಸು ಹತ್ತುತ್ತೇನೆ. ಟೀವಿ ಮುಂದೆ ಇಬ್ಬರೂ ಕೂರುತ್ತೇವೆ. ಮಾತು ಅವಳಿಗೇ ಕೇಳಿಸುತ್ತದೆ. ಮಾತಿಲ್ಲದ ಕಡೆ ಕಾಣುವುದನ್ನು ನಾನು ಹೇಳಬೇಕು. ಇಷ್ಟೇ ಕೆಲಸ. ಅದೇ ನನಗೆ ಬರುವುದಿಲ್ಲ.

"ಥೂ, ಇದೂ ಒಂದ್ ಆಕ್ಟಿಂಗಾ?" ಎನ್ನುತ್ತೇನೆ.

"ಏನ್ಲಾ ಮಾಡ್ತಾವ್ನೆ ಅವ್ನು?"

"ಏನೋ, ಓವರ್ ಆಕ್ಟಿಂಗು."

"ನಿನ್ ಅಭಿಪ್ರಾಯ ಯಾರಿಗ್ ಬೇಕೋ? ಕಾಣೋದ್ ಹೇಳು ಅಂದ್ರೆ ಮಾರ್ಕ್ಸ್ ಕೊಡ್ತಾ ಕೂತವ್ನೆ!"

ಕಳೆದ ತಿಂಗಳು ಅವಳು ಹಾಕು ಎಂದು ಕೇಳಿದ್ದು ಮಾತೇ ಇಲ್ಲದಂಥ ಒಂದು ಸಿನಿಮಾ. ತುಮಕೂರಿನ ಥಿಯೇಟರಿನಲ್ಲಿ ಅದಕ್ಕೆ ಹೋಗಿ ನಿದ್ದೆ ಹೊಡೆದು, ಯಾರೂ ಹೋಗಬೇಡಿ ಎಂದು ಅಂಗಡಿಯಲ್ಲಿ ಸಾರಿದ್ದವನು ನಾನು. ಅವಳ ಮಗಳು ನೋಡಿ ಅತ್ತಿದ್ದಳಂತೆ, ಅದಕ್ಕೇ ಅಕ್ಕನಿಗೂ ಬೇಕು. ಬೇಡ ಅಂದರೆ ಕೇಳುವವಳೇ?

ಕೊನೆಯಲ್ಲಿ ಗಂಡ ಸತ್ತವಳೊಬ್ಬಳು ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಾಳೆ. ಬಹಳ ಹೊತ್ತು ಅದೇ.

"ಈಗೇನಾಯ್ತು?"

"ಏನೂ ಆಗ್ಲಿಲ್ಲ. ಅಕ್ಕಿ ಆರಿಸ್ತಾವ್ಳೆ."

"ಮುಖ ಹೆಂಗಿದೆ?"

"ಬೇಜಾರಲ್ಲಿದೆ. ಅಲ್ಲ, ನಗು ಥರ... ತಾಳು."

ನಿಜ ಹೇಳುತ್ತೇನೆ, ಆ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಆಗ. ಅವಳ ಕೈ ನಿಂತಿತು, ತುಟಿ ಅಲುಗಿತು, ಕಣ್ಣಲ್ಲಿ ಏನೋ ಬಂದು ಹೋಯಿತು. ಅದನ್ನು ಏನೆಂದು ಹೇಳಲಿ ಎಂದು ಪದ ಹುಡುಕುವಷ್ಟರಲ್ಲಿ ಹೆಸರುಗಳು ಬಂದುಬಿಟ್ಟವು.

"ಮುಗೀತಾ?"

"ಮುಗೀತು ಅಕ್ಕ."

"ನಂಗ್ ಅಳು ಬರ್ಲೇ ಇಲ್ವಲ್ಲೋ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಷ್ಟು ವರ್ಷ ಬಾಯಿ ಬಡಿದುಕೊಂಡವನಿಗೆ ಒಂದು ಮುಖ ಹೇಳುವ ಯೋಗ್ಯತೆ ಇರಲಿಲ್ಲ. ನಾಚಿಕೆಯಾಯಿತು. ಮೊದಲಿಂದ ಇನ್ನೊಂದು ಸಲ ಹಾಕಿದರೂ ನನ್ನ ಕೈಲಾಗದು ಎಂದು ಗೊತ್ತಿತ್ತು.

ಅವಳು ತನ್ನ ಕೆನ್ನೆ ಸವರಿಕೊಂಡಳು.

"ನನ್ ಮುಖ ಈಗ ಹೆಂಗಿದೆಯೋ? ನೋಡ್ಕೊಂಡು ಎರಡ್ ವರ್ಷ ಆಯ್ತು."

"ಚೆನ್ನಾಗಿದೆ ಅಕ್ಕ."

"ಅದು ನಿನ್ ಅಭಿಪ್ರಾಯ. ಕಾಣೋದ್ ಹೇಳು."

ಅವಳ ಕಡೆ ತಿರುಗಿ ಕೂತೆ.

"ಮುಂದಲೆ ಪೂರ್ತಿ ಬೆಳ್ಳಗಾಗಿದೆ. ಕುಂಕುಮ ಒಂಚೂರು ಓರೆಯಾಗಿ ಹುಬ್ಬಿನ ಮೇಲೆ ಕೂತಿದೆ. ಕಣ್ಣು..."

"ಹ್ಞೂಂ, ಕಣ್ಣು?"

"ನನ್ನನ್ನೇ ನೋಡ್ತಿರೋ ಹಂಗಿದೆ," ಎಂದೆ. ಮೂಗು ಎಳೆದುಕೊಂಡೆ.

"ಅಳ್ತಿದೀಯೇನ್ಲಾ?"

"ಇಲ್ಲ."

"ಹಂಗಾದ್ರೆ ಮುಂದಕ್ಕೆ ಹೇಳು," ಎಂದು ಅಕ್ಕ ಕಾಯುತ್ತ ಕೂತಳು. ನಾನು ಅಂಗಿಯ ಅಂಚಿನಲ್ಲಿ ಕಣ್ಣೊರೆಸಿಕೊಂಡೆ.